ಕುರ್ಚಿಯ ಕೆಳಗಿಟ್ಟ ಕಂಬಳಿ

ಕರಿಯಜ್ಜ, ಅಹವಾಲು ಸಭೆಯಲ್ಲಿ ನಾನು ಹಟ್ಟಿಯ ಮಾತು ಹೇಳಲಿಲ್ಲ. ಹೇಳಿದೆನೆಂದು ನಿನಗೆ ಸುಳ್ಳಾಡಿದೆ. ಅಧಿಕಾರಿಗಳು ಬರೆದುಕೊಳ್ಳಲಿಲ್ಲ ಅಂತ ಇವತ್ತಿಗೂ ಅವರನ್ನು ಬೈಯುತ್ತೀಯಲ್ಲ — ಆ ಬೈಗುಳ ನನಗೆ ಸೇರಬೇಕಾದದ್ದು. ನಾನು ಆಡಿದ್ದನ್ನು ಅವರು ಸರಿಯಾಗಿಯೇ ಬರೆದುಕೊಂಡರು.

ಗುಡ್ಡದ ಗಣಿಯನ್ನು ಕಟ್ಟೆಯ ತನಕ ಚಾಚಲು ಕಂಪನಿ ಅರ್ಜಿ ಹಾಕಿತ್ತು. ನಮ್ಮ ಕುರಿಗಳಿಗೆ ಆ ಕಟ್ಟೆ ಬಿಟ್ಟರೆ ಬೇರೆ ನೀರಿಲ್ಲ. ಜನರ ತಕರಾರು ಕೇಳಲು ಹೊಸದುರ್ಗದ ಛತ್ರದಲ್ಲಿ ಸಭೆ ಇಟ್ಟರು. ಅದೇ ಹೊತ್ತಿಗೆ ಹಟ್ಟಿಯವರೆಲ್ಲ ಮಂದೆ ಹೊಡೆದುಕೊಂಡು ಭದ್ರಾ ಕಾಲುವೆಯ ಗದ್ದೆಗಳ ಕಡೆ ಹೊರಟಿದ್ದಿರಿ. ಉಳಿದವನು ನಾನು — ಮೋಟಾರು ರಿಪೇರಿಯವನು, ನಾಲ್ಕು ಜನರ ಮುಂದೆ ಬಾಯಿ ಬಿಡಬಲ್ಲವನು. ಹೊರಡುವಾಗ ನೀನು ನಿನ್ನ ಕಂಬಳಿಯನ್ನು ನನ್ನ ಹೆಗಲಿಗೆ ಹಾಕಿದೆ. ಹಟ್ಟಿಯಲ್ಲಿ ನ್ಯಾಯ ನಡೆಯುವುದು ಆ ಕಂಬಳಿಯ ಮೇಲೆ ಕುಂತೇ. ಅದರ ಮೇಲೆ ಯಾರೂ ಸುಳ್ಳಾಡುವುದಿಲ್ಲ.

“ಇದನ್ನ ಹಾಕ್ಕಂಡು ಮಾತಾಡಪ್ಪ. ನಾನೇ ಮಾತಾಡಿದಂಗೆ,” ಅಂದೆ.

ಹಾಕಿಕೊಂಡೇ ಹೋದೆ. ಹಿಂದೆ ಕುಂತಿದ್ದವನನ್ನು ಕಂಪನಿಯ ಮ್ಯಾನೇಜರು “ಲೀಡರ್ರು ಮುಂದೆ ಬರ್ರಿ” ಅಂತ ಕೈಹಿಡಿದು ವೇದಿಕೆ ಹತ್ತಿಸಿದ. ಉಗುರಲ್ಲಿ ಗ್ರೀಸು ಮೆತ್ತಿಕೊಂಡ ಲೀಡರು! ದೊಡ್ಡ ಅಧಿಕಾರಿಯ ಪಕ್ಕದ ಕುರ್ಚಿ, ಹಾರ, ಜರಿ ಅಂಚಿನ ಶಾಲು. ಶಾಲು ಹೊದಿಸಲು ಬಂದಾಗ — ಯಾರೂ ಹೇಳಲಿಲ್ಲ, ನಾನೇ — ಕಂಬಳಿ ತೆಗೆದು ಕುರ್ಚಿಯ ಕೆಳಗೆ ತುರುಕಿದೆ. ಅದರ ಕುರಿವಾಸನೆಗೆ ನಾಚಿಕೆಯಾಯಿತು, ಅಜ್ಜ. ನಾನು ಹುಟ್ಟಿ ಬೆಳೆದದ್ದೇ ಆ ವಾಸನೆಯಲ್ಲಿ.

“ಹಟ್ಟಿಯವರದ್ದು ಏನಾದ್ರೂ ತಕರಾರು ಐತೇನ್ರಿ?” ದೊಡ್ಡ ಅಧಿಕಾರಿ ನನ್ನ ಕಡೆ ತಿರುಗಿ ಕೇಳಿದರು.

“ಏನಿಲ್ಲ ಸರ್.”

ನನ್ನನ್ನು ಯಾರೂ ಹೆದರಿಸಿರಲಿಲ್ಲ, ಯಾರೂ ಏನೂ ಕೊಟ್ಟಿರಲಿಲ್ಲ. ಶಾಲು ಹೊದಿಸಿದವರ ಮುಂದೆಯೇ ಬೇಡ ಅನ್ನುವುದು ಹೇಗೆ ಅನ್ನಿಸಿತು. ಅಷ್ಟಕ್ಕೇ —

ನೀನು ತಿರುಗಿ ಬಂದಾಗ ಕಂಬಳಿ ಮಡಚಿ ಕೊಟ್ಟೆ. “ಹೇಳ್ದೇನಪ್ಪ?” ಅಂತ ನೀನು ಕೇಳಿದೆ. “ಹೇಳ್ದೆ ಅಜ್ಜ,” ಅಂದುಬಿಟ್ಟೆ ನಾನು.

ಕಂಪನಿಗೆ ಅನುಮತಿ ಸಿಕ್ಕಿತು, ಗಣಿ ಕಟ್ಟೆಯ ತನಕ ಬಂತು. ಮೊದಲ ದೊಡ್ಡ ಮಳೆಗೆ ಗಣಿಯ ಮಣ್ಣು ಇಳಿದು ಕಟ್ಟೆ ಹೂತುಹೋಯಿತು. ನೀನು ಟಗರು ಮಾರಿ ಕೋರ್ಟಿಗೆ ಹೋದೆ. ಸಭೆಯಲ್ಲಿ ಹಟ್ಟಿಯವರೇ ಒಪ್ಪಿದ್ದಾರೆಂದು ಎದುರು ವಕೀಲ ಹೇಳಿದಾಗ ನೀನು ಎದ್ದು ನಿಂತೆ — “ಸುಳ್ಳು ಸ್ವಾಮಿ! ನಮ್ಮ ಹುಡುಗ ನನ್ನ ಕಂಬಳಿ ಹಾಕ್ಕಂಡು ಹೇಳ್ಯಾನೆ!” ನಾನು ನಿನ್ನ ಪಕ್ಕದಲ್ಲೇ ಇದ್ದೆ. ಆಗಲಾದರೂ ಬಾಯಿ ಬಿಡಬಹುದಿತ್ತು... ಬಿಡಲಿಲ್ಲ. ಕೇಸು ಬಿತ್ತು. ನೀರಿಲ್ಲದೆ ನೀನು ಮಂದೆಯನ್ನೇ ಮಾರಿದೆ. ಈಗ ಖಾಲಿ ದೊಡ್ಡಿಯ ಮುಂದೆ ಕುಂತಿರುತ್ತೀಯ, ನಾನು ಆ ದಾರಿ ಬಿಟ್ಟು ಸುತ್ತಿ ಓಡಾಡುತ್ತೇನೆ.

ನಿನ್ನೆ ನೀನು ನನ್ನ ಮನೆಗೇ ಬಂದು, “ಮೇಲಿನ ಕೋರ್ಟಿಗೆ ಹೋಗಾಣ, ನೀನೇ ಸಾಕ್ಷಿ ಹೇಳು,” ಅಂದೆ. ಹೇಳುತ್ತೇನೆ ಅಜ್ಜ. ಅದಕ್ಕೂ ಮುಂಚೆ ಹಟ್ಟಿಯವರನ್ನು ಕೂಡಿಸು, ಕಂಬಳಿ ಹಾಸು. ಅದರ ಮೇಲೆ ಕುಂತು, ಏನಿಲ್ಲ ಅಂದವನು ನಾನೇ ಅಂತ ಎಲ್ಲರೆದುರು ಹೇಳುತ್ತೇನೆ. ಆಮೇಲೆ ಆ ಕಂಬಳಿಯನ್ನು ನೀನು ಮತ್ತೆ ಹೊದೆಯುತ್ತೀಯೋ ಇಲ್ಲವೋ, ನನಗೆ ಗೊತ್ತಿಲ್ಲ.