ಹುಲ್ಲಕ್ಕನ ಹಳೇ ಚೀಲ

ಹುಲ್ಲಕ್ಕನನ್ನು ಮೊದಲ ಸಲ ಕಂಡಾಗ ಬೀಜದಂಗಡಿಯವನು ಕಣ್ಣಲ್ಲೇ ತೂಗಿಬಿಟ್ಟ: ಆಳು ನಲವತ್ತೈದು ಕಿಲೋ, ನಾಲಿಗೆ ಒಂದು ಕ್ವಿಂಟಲ್, ಚೌಕಾಸಿಗೆ ಬಗ್ಗುವ ಪೈಕಿಯಲ್ಲ. ಕಲ್ಲುಗುಡ್ಡದಲ್ಲಿ ತಾನಾಗಿ ಬೆಳೆಯುವ ಹುಲ್ಲಿನ ಬೀಜ ಉದುರಿಸಿ ತರುವುದು ಅವಳ ಕಸುಬು. ತಿಂಗಳುಗಟ್ಟಲೆ ಹನಿ ನೀರಿಲ್ಲದಿದ್ದರೂ ಸಾಯದ ಹುಲ್ಲು. ಬುಡ ಹಿಡಿದೆಳೆದರೆ ಕೈ ಕಿತ್ತು ಬಂದೀತೇ ಹೊರತು ಬೇರು ಬಾರದು.

ನೀರಿನ ಟ್ಯಾಂಕಿನ ಪಕ್ಕದ ಇಳಿಜಾರು ಕುಸಿಯುತ್ತಿತ್ತು. ಇಂಜಿನಿಯರು ಕಾಂಕ್ರೀಟ್ ಹಾಕಿಸಲು ಹೊರಟಾಗ ಹುಲ್ಲಕ್ಕ ಅಡ್ಡ ನಿಂತಳು.

"ನನ್ನ ಹುಲ್ಲು ಮಣ್ಣು ಹಿಡಿಯುತ್ತೆ ಸಾರ್. ಹಿಡೀಲಿಲ್ಲ ಅಂದ್ರೆ ಇನ್ನು ಬೀಜ ಅಂತ ಯಾರ ಬಾಗಿಲಿಗೂ ಬರಲ್ಲ."

ಇಂಜಿನಿಯರು ಒಪ್ಪಿದರು, ಆದರೆ ಬಿಲ್ಲಿನ ಸಲುವಾಗಿ ಬೀಜ ಅಂಗಡಿಯಿಂದಲೇ ಹೋಗಬೇಕಿತ್ತು. ಅವಳು ಕೊಟ್ಟ ಚೀಲದ ಬಾಯಿ ಬಿಚ್ಚಿದರೆ, ಹೋದ ವರ್ಷದ್ದು! ಹಳೇ ಮಾಲು ದಾಟಿಸುತ್ತಿದ್ದಾಳೆ ಎಂದುಕೊಂಡ ಅಂಗಡಿಯವನು, ಅವಳೇ ಆ ವಾರ ತಂದಿಟ್ಟಿದ್ದ ತಾಜಾ ಬೀಜವನ್ನು ಸದ್ದಿಲ್ಲದೆ ಕಳಿಸಿದ. ಹಳೇ ಚೀಲ ಅವನ ಕುರ್ಚಿಗೆ ದಿಂಬಾಯಿತು.

ಮೂರು ಮಳೆ ಬಿದ್ದರೂ ಒಂದೆಳೆ ಹಸಿರಿಲ್ಲ.

"ಏನಮ್ಮಾ, ಬೀಜ ಬಿತ್ತಿದ್ರೋ ಹೊಟ್ಟು ಬಿತ್ತಿದ್ರೋ?" ಎಂದು ಇಂಜಿನಿಯರು ಎಲ್ಲರೆದುರೇ ಕೇಳಿದರು. "ಇನ್ನು ಹದಿನೈದೇ ದಿನ. ಆಮೇಲೆ ಕಾಂಕ್ರೀಟ್."

ಅವಳು ಮಣ್ಣು ಕೆದಕಿ ಒಂದು ಬೀಜ ತೆಗೆದು ಬೆರಳಲ್ಲಿ ಹೊಸಕಿ ನೋಡಿ, ನೆಟ್ಟಗೆ ಅಂಗಡಿಗೆ ಬಂದಳು.

"ಏನಣ್ಣ, ಇದು ಈ ಸಲದ್ದಲ್ವಾ?"

"ತಾಜಾ ಇರ್ಲಿ ಅಂತ, ಅಕ್ಕ..."

"ಒಂದು ವರ್ಷ ನಿದ್ದೆ ಮಾಡ್ಬೇಕು ಅದು! ಗುಡ್ಡದಿಂದ ಇಳಿದ ತಕ್ಷಣ ಎದ್ದು ಕೂರೋಕೆ, ಅದಕ್ಕೇನು ನಿಮ್ಮ ಹಾಗೆ ಅಂಗಡಿ ತೆಗೀಬೇಕಾ?"

ಬೈಗುಳದ ನಡುವೆಯೂ ಅವನಿಗೆ ಕುತೂಹಲ ತಡೆಯಲಿಲ್ಲ. "ಬೀಜ ಯಾಕೆ ನಿದ್ದೆ ಮಾಡುತ್ತೆ?"

"ಅಕಾಲದಲ್ಲಿ ಒಂದು ಮಳೆ ಬಂತು ಅಂತ ಎಲ್ಲಾ ಎದ್ದುಬಿಟ್ರೆ, ಹಿಂದೆ ಬರೋ ಬಿಸಿಲಿಗೆ ವಂಶಾನೇ ನಿರ್ನಾಮ. ಅದು ನಿಮಗಿಂತ ಲೆಕ್ಕಾಚಾರದ್ದು. ನನ್ನ ಹಳೇ ಚೀಲ ಎಲ್ಲಿ?"

ಅಂಗಡಿಯವನು ಕುರ್ಚಿಯಿಂದ ಮೆಲ್ಲಗೆ ಎದ್ದ.

ಅವಳು ಚೀಲ ನೋಡಿದಳು, ಅವನನ್ನು ನೋಡಿದಳು. "ಇರ್ಲಿ ಬಿಡಿ, ಕಾವು ಕೊಟ್ಟಿದ್ದೀರಿ," ಎಂದು ಅದನ್ನು ಹೊತ್ತುಕೊಂಡು ಇಳಿಜಾರಿಗೆ ಬಿತ್ತಲು ಹೊರಟಳು.

ಅವತ್ತಿನಿಂದ ಅಂಗಡಿಯವನಿಗೆ ಬೆಳಗಿನ ವಾಕಿಂಗ್ ಹುಚ್ಚು ಹಿಡಿಯಿತು, ಅದೂ ಟ್ಯಾಂಕಿನ ಕಡೆಗೇ. ಎಂಟನೇ ದಿನ ಮಳೆ. ಹನ್ನೆರಡನೇ ದಿನ ಇಳಿಜಾರಿಗೆ ಎಳೆ ಮೀಸೆ ಚಿಗುರಿತ್ತು. ಅವನು ಮಂಡಿಯೂರಿ, ಒಂದೆಳೆಯನ್ನು ಜಗ್ಗಿಯೂ ನೋಡಿದ. ಬರಲಿಲ್ಲ.

ಇಂಜಿನಿಯರು ಕಾಂಕ್ರೀಟ್ ಕೈಬಿಟ್ಟರು. "ಈ ಸಲವಾದ್ರೂ ಸರಿಯಾದ ಬೀಜ ತಂದ್ರಲ್ಲಮ್ಮ," ಎಂದರು. ಹುಲ್ಲಕ್ಕ ಅಂಗಡಿಯವನತ್ತ ತಿರುಗಿದಳು. ಅವನು ಹುಲ್ಲು ನೋಡುವುದರಲ್ಲಿ ಮುಳುಗಿಹೋಗಿದ್ದ.

ಆ ಅಂಗಡಿಯವನು ನಾನೇ. ಮೊದಲ ಸಲ ಬೀಜ ಬದಲಿಸಿದವನು ನಾನು ಎಂದು ಇಂಜಿನಿಯರ ಎದುರು ಹೇಳುವುದು ಹುಲ್ಲಕ್ಕನಿಗೆ ನಾನಿನ್ನೂ ಉಳಿಸಿಕೊಂಡಿರುವ ಬಾಕಿ.