ಔರಾದ ದಾರಿಯಲ್ಲಿ ಕುದಿದ ವ್ಯಾನು

ಬೀದರಿನಿಂದ ಔರಾದಿಗೆ ಹೋಗಿ ಬರುವಷ್ಟರಲ್ಲಿ ನಾನು ಎಷ್ಟು ನೀರು ಕುಡಿಯುತ್ತಿದ್ದೆನೋ ನೆನಪಿಲ್ಲ. ನಮ್ಮ ವ್ಯಾನು ಎಷ್ಟು ಕುಡಿಯುತ್ತಿತ್ತೆಂಬುದು ಮಾತ್ರ, ಅದಕ್ಕಾಗಿ ಕೊಡ ಹೊತ್ತ ನನ್ನ ಸೊಂಟಕ್ಕೆ ಈ ಇಳಿವಯಸ್ಸಿನಲ್ಲೂ ಚೆನ್ನಾಗಿ ನೆನಪಿದೆ. ಮನುಷ್ಯರ ಬಾಯಾರಿಕೆಗೆ ಒಂದು ಸಂಕೋಚವಿರುತ್ತದೆ. ಒಂದು ಚೊಂಬು ಕುಡಿದು ಸಾಕೆನ್ನುತ್ತಾರೆ. ಆ ವ್ಯಾನಿಗೆ ಅಂಥ ಯಾವ ಸಂಕೋಚವೂ ಇರಲಿಲ್ಲ.

ಪೊಲೀಸ್ ಆಕ್ಷನ್ ಮುಗಿದು ಒಂದೆರಡು ವರ್ಷವಾಗಿದ್ದಿರಬೇಕು. ನಿಜಾಮರ ಆಳ್ವಿಕೆ ಹೋಗಿ, ಹೈದರಾಬಾದ್ ರಾಜ್ಯದ ಹೊಸ ಸರ್ಕಾರ ಬಂದು, ಕಚೇರಿಗಳ ಬೋರ್ಡುಗಳಿಗೆಲ್ಲ ಹೊಸ ಬಣ್ಣ ಬೀಳುತ್ತಿದ್ದ ಕಾಲ. ನಾನು ಹೈದರಾಬಾದಿನಲ್ಲಿ ನರ್ಸಿನ ತರಬೇತಿ ಮುಗಿಸಿ ಬಂದು, ಬೀದರಿನ ಅಂಚಿನ ಚಿದ್ರಿಯಲ್ಲಿ ಒಂದು ಕೋಣೆ ಹಿಡಿದು, ಹಳ್ಳಿಗಳಿಗೆ ಔಷಧ ಒಯ್ಯುವ ಸಂಚಾರಿ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಡಾಕ್ಟರ ಹುದ್ದೆ ಖಾಲಿಯಿತ್ತು. ಹಾಗಾಗಿ ದವಾಖಾನೆಯೆಂದರೆ ಒಂದು ಔಷಧದ ಪೆಟ್ಟಿಗೆ, ನಾನು, ಡ್ರೈವರ್ ಖಾಸಿಂ ಚಾಚಾ, ಮತ್ತು ಮಹಾಯುದ್ಧದಲ್ಲಿ ಎಲ್ಲೆಲ್ಲೋ ದುಡಿದು ದಣಿದು ನಮ್ಮ ಪಾಲಿಗೆ ಬಂದ ಒಂದು ಹಳೆಯ ವ್ಯಾನು, ಇಷ್ಟೇ. ನಾನು ಶರಣರನ್ನು ನಂಬಿದ ಮನೆಯಲ್ಲಿ ಹುಟ್ಟಿದವಳು. ಸ್ಥಾವರ ಯಾವುದು, ಜಂಗಮ ಯಾವುದು ಎಂಬ ವಿವೇಕ ಎಳವೆಯಿಂದಲೇ ಕಿವಿಗೆ ಬಿದ್ದಿತ್ತು. ಆದರೂ ಹೆಸರಿನಲ್ಲಿ ಜಂಗಮವಾಗಿದ್ದು ನಡತೆಯಲ್ಲಿ ಶುದ್ಧ ಸ್ಥಾವರವಾಗಿದ್ದ ವಸ್ತುವನ್ನು ಮೊದಲ ಸಲ ನೋಡಿದ್ದು ಅಲ್ಲಿಯೇ.

ಸೋಮವಾರ ಭಾಲ್ಕಿ, ಗುರುವಾರ ಔರಾದ. ಎರಡೂ ಕಡೆಯ ರಸ್ತೆಗಳು ಬೀದರಿನ ಕೆಂಪು ನೆಲದಿಂದ ಇಳಿದು ಕಪ್ಪು ಮಣ್ಣಿನ ಬಯಲಿಗೆ ಬೀಳುತ್ತವೆ. ಇಳಿಯುವಾಗ ವ್ಯಾನು ಸಾಧುಪ್ರಾಣಿ. ಬಯಲಿಗೆ ಬಂದು ಹತ್ತು ಮೈಲಿ ಓಡಿತೋ ಇಲ್ಲವೋ, ಮುಂದಿನ ಮುಚ್ಚಳದ ಸಂದಿಯಿಂದ ಸಣ್ಣಗೆ ಹಬೆ, ಆಮೇಲೆ ಅಡುಗೆಮನೆಯ ಸದ್ದು, ಆಮೇಲೆ ತುಕ್ಕುಬಣ್ಣದ ಕಾರಂಜಿ. ನನ್ನ ಬಿಳಿಯ ಸೀರೆಗಳಲ್ಲಿ ಆ ಬಣ್ಣದ ಕಲೆಯಿಲ್ಲದ ಸೀರೆ ಒಂದೂ ಉಳಿಯಲಿಲ್ಲ. ಭಾಲ್ಕಿ ಕಡೆಯ ಮೆಹಕರದ ಹೆಣ್ಣುಮಕ್ಕಳು ನಮ್ಮ ವ್ಯಾನು ದೂರದಲ್ಲಿ ಕಂಡೊಡನೆ, "ದವಾಖಾನಿ ಬಂತು, ಕೊಡ ತರ್ರಿ!" ಎಂದು ಕೂಗುತ್ತಿದ್ದರು. ಔಷಧ ಕೊಡಲು ಬಂದವಳು ನೀರು ಬೇಡುವವಳಾಗಿದ್ದೆ.

ಕಚೇರಿಗೆ ಬರೆದೆ. ವಾಹನಕ್ಕೆ ಸಾಕಷ್ಟು ನೀರು ಹಾಕಿ ನಡೆಸಬೇಕೆಂದು ಉತ್ತರ ಬಂತು. ಇಂಥ ಜ್ಞಾನವನ್ನು ನಾನೇ ಸಂಪಾದಿಸಿದ್ದೆನಲ್ಲ ಎಂದು ಸಿಟ್ಟು ನೆತ್ತಿಗೇರಿ, ಇದರ ಜ್ವರ ಎಷ್ಟಿದೆಯೆಂದು ಲೆಕ್ಕಸಹಿತ ಬರೆದರೆ ಆಗಲಾದರೂ ನಂಬಿಯಾರು ಎನ್ನುವ ಹುಮ್ಮಸ್ಸಿನಲ್ಲಿ, ರೋಗಿಗಳ ಬಾಯಿಗಿಡುವ ಥರ್ಮಾಮೀಟರನ್ನು ರೇಡಿಯೇಟರಿನ ಬಾಯಿಗೆ ಇಳಿಸಿಬಿಟ್ಟೆ. ಪಾದರಸ ಒಂದೇ ಉಸಿರಿಗೆ ಮೇಲೇರಿತು, ಗಾಜು ಟಪ್ಪೆಂದಿತು. ವ್ಯಾನಿನ ಜ್ವರದ ವರದಿ ಹೋಗುವ ಬದಲು ಥರ್ಮಾಮೀಟರ್ ಒಡೆದ ತಪ್ಪೊಪ್ಪಿಗೆ ಹೋಯಿತು. ಅಂದು ಖಾಸಿಂ ಚಾಚಾ ನಕ್ಕ ನಗುವನ್ನು ನಾನು ಎರಡು ವಾರ ಕ್ಷಮಿಸಲಿಲ್ಲ.

ಖಾಸಿಂ ಚಾಚಾ ಐವತ್ತು ದಾಟಿದವರು, ಹಿಂದೆ ಒಬ್ಬ ಜಾಗೀರದಾರರ ಮೋಟಾರು ಓಡಿಸಿದವರು, ಮಿತಭಾಷಿ. ಹರಿದ ರಬ್ಬರು ನಳಿಗೆಗೆ ಸೈಕಲ್ಲಿನ ಟ್ಯೂಬು ಸುತ್ತುವುದರಲ್ಲಿ ನಿಪುಣರು. ಕುದಿಯುವ ಎಂಜಿನ್ನಿಗೆ ತಣ್ಣೀರು ಸುರಿದರೆ ಒಡೆದೀತೆಂದು ತಾಳ್ಮೆಯಿಂದ ಕಾಯುವವರು. ಅಂಥವರದು ಒಂದೇ ಒಂದು ಹಟ ನನ್ನನ್ನು ರೇಗಿಸುತ್ತಿತ್ತು. ಔರಾದ ರಸ್ತೆಯಲ್ಲಿ ಒಂದು ಊರಿದೆ, ಹೆಸರು ಬೇಡ. ರಸ್ತೆಗೆ ಅಂಟಿಕೊಂಡೇ ಹುಣಸೆಮರ, ಮರದ ಪಕ್ಕದಲ್ಲಿ ಕಲ್ಲು ಕಟ್ಟಿದ ಬಾವಿ, ಸುತ್ತಲಿನ ಬಾವಿಗಳೆಲ್ಲ ಸವಳಾದರೂ ಅದೊಂದರಲ್ಲಿ ಸಿಹಿನೀರು. ವ್ಯಾನು ಹಬೆಯುಗುಳುತ್ತಿದ್ದರೂ ಚಾಚಾ ಅಲ್ಲಿ ನಿಲ್ಲಿಸುತ್ತಿರಲಿಲ್ಲ.

"ಚಾಚಾ, ನಿಲ್ಲಸ್ರಿ, ಬಾವಿ ಬಂತು."

"ಜರಾ ಮುಂದ ಹೋಗೂಣ್ರಿ ಬಾಯಿ." ಅವರು ನನ್ನನ್ನು ಕರೆಯುತ್ತಿದ್ದುದು ಬಾಯಿ, ಅಂದರೆ ಅಮ್ಮಾವರೇ, ಎಂದು.

"ಮುಂದ ಏನದ? ಬರೀ ಎರಿ ಹೊಲ ಅದ!"

"ಹೋಗ್ತದ್ರಿ ಗಾಡಿ, ಹೋಗ್ತದ."

ಗಾಡಿ ಹೋಗುತ್ತಿರಲಿಲ್ಲ. ಒಂದು ಮೈಲಿಯಾಚೆ, ನೆರಳೂ ಇಲ್ಲದ ಬಯಲಲ್ಲಿ ಕೈಚೆಲ್ಲುತ್ತಿತ್ತು. ಆಗ ಚಾಚಾ ಕೊಡ ಹಿಡಿದು, ಹಿಂದಿನ ಸಿಹಿನೀರಿನ ಬಾವಿಯ ಕಡೆಗಲ್ಲ, ಮುಂದೆ ಇನ್ನೂ ದೂರವಿದ್ದ ಹಳ್ಳದ ಕಡೆಗೆ ನಡೆಯುತ್ತಿದ್ದರು. ಗಂಡಸಿನ ಮೊಂಡುತನಕ್ಕೆ ಮದ್ದಿಲ್ಲವೆಂದು ನಾನು ತೀರ್ಮಾನಿಸಿದ್ದೆ. ವಯಸ್ಸು ಇಪ್ಪತ್ತನಾಲ್ಕು, ತೀರ್ಮಾನಗಳು ಬಲು ಬೇಗ ಬರುತ್ತಿದ್ದ ಪ್ರಾಯ.

ಬೇಸಿಗೆಯ ಒಂದು ಗುರುವಾರ ಎಕಂಬಾದಲ್ಲಿ ಒಬ್ಬ ಬಾಣಂತಿಯನ್ನು ನೋಡಲು ಕರೆದರು. ಮಹಾದೇವಿಯೆಂದು ಹೆಸರು, ಚೊಚ್ಚಲ ಹೆರಿಗೆ. ಕೂಸು ಗಟ್ಟಿಯಾಗಿ ಅಳುತ್ತಿತ್ತು. ತಾಯಿಗೆ ಮಾತ್ರ ರಕ್ತ ನಿಲ್ಲುತ್ತಿರಲಿಲ್ಲ. ನನ್ನ ಪೆಟ್ಟಿಗೆಯಲ್ಲಿದ್ದ ಚುಚ್ಚುಮದ್ದಿನಿಂದ ಸ್ವಲ್ಪ ತಡೆಯಿತು, ಪೂರ್ತಿಯಲ್ಲ. ಬೀದರಿನ ಆಸ್ಪತ್ರೆಗೆ ಒಯ್ಯದೆ ಗತಿಯಿರಲಿಲ್ಲ. ಅವಳನ್ನು ವ್ಯಾನಿನಲ್ಲಿ ಮಲಗಿಸಿ, ಕೂಸನ್ನು ಎತ್ತಿಕೊಂಡ ಅತ್ತೆಯನ್ನೂ ಕೂರಿಸಿಕೊಂಡು ಹೊರಟೆವು. ಒಯ್ದಿದ್ದ ಡಬ್ಬಿ ನೀರು ಅರ್ಧ ದಾರಿಗೇ ಮುಗಿಯಿತು. ಹುಣಸೆಮರದ ಬಾವಿ ದಾಟಿ ಕೂಗಳತೆ ದೂರ ಹೋಗುವಷ್ಟರಲ್ಲಿ ಎಂಜಿನ್ನು ನಿಂತೇಬಿಟ್ಟಿತು.

ನಾನು ಮಹಾದೇವಿಯ ಹೊಟ್ಟೆಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದೆ. "ಚಾಚಾ, ಕೊಡ ತಗೊಂಡು ಓಡ್ರಿ. ಬಾವಿ ಇಲ್ಲೇ ಹಿಂದ ಅದ."

ಚಾಚಾ ಕೊಡ ತೆಗೆದುಕೊಂಡು ಇಳಿದರು. ನಾಲ್ಕು ಹೆಜ್ಜೆ ನಡೆದರು. ನಿಂತರು.

"ಓಡ್ರಿ ಅಂದೆ!"

"ಬಾಯಿ..." ಎಂದರು. ಕೊಡವನ್ನು ಎದೆಗೆ ಅವಚಿಕೊಂಡು ಬಾವಿಗೆ ಬೆನ್ನು ತಿರುಗಿಸಿದರು. ಏಕೆಂದು ಕೇಳುವ ಸಹನೆ ನನಗಿರಲಿಲ್ಲ. ಹೊಟ್ಟೆಯನ್ನು ಹೇಗೆ ಒತ್ತಿ ಹಿಡಿಯಬೇಕೆಂದು ಅತ್ತೆಗೆ ತೋರಿಸಿ, ಕೂಸನ್ನು ಪಕ್ಕದಲ್ಲಿ ಮಲಗಿಸಿ, ಜಿಗಿದು ಇಳಿದೆ. "ಈ ಹೆಣ್ಮಗಳು ಸತ್ರ ನಿಮ್ಮ ಹಟಕ್ಕ ಸತ್ಲು ಅಂತ ತಿಳ್ಕೋರಿ" ಎಂದು, ಕೊಡ ಕಿತ್ತುಕೊಂಡು ಓಡಿದೆ. ನನ್ನ ಜೀವನದಲ್ಲಿ ವಾಪಸು ಪಡೆಯಬೇಕೆನಿಸುವ ಮಾತುಗಳು ಬಹಳಿವೆ, ಮೊದಲನೆಯದು ಅದೇ.

ಬಾವಿಯ ಹತ್ತಿರ ಒಬ್ಬ ಮುದುಕಿ ನೀರು ಸೇದುತ್ತಿದ್ದಳು. ನನ್ನ ಅವಸರ ಕಂಡು ಏನೂ ಕೇಳದೆ ತನ್ನ ಹಗ್ಗದಿಂದಲೇ ನನ್ನ ಕೊಡ ತುಂಬಿಸಿದಳು. ಆಮೇಲೆ ದೂರದ ವ್ಯಾನಿನತ್ತ ಹಣೆಗೆ ಕೈಯಿಟ್ಟು ನೋಡಿದಳು.

"ಗಾಡಿ ಹೊಡ್ಯಾಂವ ಖಾಸಿಂ ಅಲ್ಲೇನವ್ವ?"

"ಹೌದು. ಇಲ್ಲಿ ನಿಲ್ಲಸಂದ್ರ ನಿಲ್ಲಸಲ್ಲ, ನೀರ ತರಂದ್ರ ತರಲ್ಲ."

"ಹ್ಯಾಂಗ ತರ್ತಾನವ್ವ," ಎಂದಳು ಮುದುಕಿ. "ಅವನ ತಂಗಿ ಇದೇ ಊರಾಗ, ನಮ್ಮ ಓಣ್ಯಾಗೇ ಇದ್ಲು. ಆ ಗದ್ದಲದಾಗ ಮಂದಿ ಮನಿ ಹೊಕ್ಕಾಗ, ಮಾನ ಹೋಗ್ತದಂತ ಅಂಜಿ, ಇದೇ ಬಾವ್ಯಾಗ ಜಿಗದಳು. ನಮಗ ಹೊರಗ ಬರ್ಲಿಕ್ಕಿ ಧೈರ್ಯ ಆಗಲಿಲ್ಲ." ಸ್ವಲ್ಪ ಹೊತ್ತು ಹಗ್ಗ ಸುತ್ತಿದಳು. "ಒಂದ್ ವರ್ಸ ಯಾರೂ ಈ ನೀರ ಮುಟ್ಟಿಲ್ಲ. ಆಮ್ಯಾಲ ಮುಟ್ಟಿದಿವಿ. ಬ್ಯಾರಿ ನೀರ ಇಲ್ಲಲ."

ಗದ್ದಲವೆಂದರೇನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಪೊಲೀಸ್ ಆಕ್ಷನ್ನಿನ ಹಿಂದಿನ ವರ್ಷ, ನಿಜಾಮರ ಕಡೆಯ ದಂಡಿನವರ ಹಾವಳಿಯ ದಿನಗಳಲ್ಲಿ, ನಮ್ಮಪ್ಪ ಭಾಲ್ಕಿಯ ಮನೆಗೆ ಬೀಗ ಹಾಕಿ ನಮ್ಮನ್ನೆಲ್ಲ ಗಡಿಯಾಚೆ ಕರೆದೊಯ್ದಿದ್ದರು. ಅಂಜಿಕೆಯೆಂದರೆ ನಾವು ಉಂಡದ್ದು ಮಾತ್ರ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಆಕ್ಷನ್ ಆದಮೇಲಿನ ದಿನಗಳಲ್ಲಿ ಅಂಜಿಕೆ ಮನೆ ಬದಲಿಸಿ ಚಾಚಾನಂಥವರ ಮನೆ ಸೇರಿತ್ತು ಎಂಬುದನ್ನು ಕೇಳಿದ್ದೆ, ಕೇಳಿ ಬಿಟ್ಟಿದ್ದೆ.

ಕೊಡ ಹೊತ್ತು ವ್ಯಾನಿಗೆ ಮರಳಿದೆ. ಚಾಚಾ ಆಚೆ ಮುಖ ಮಾಡಿ ನಿಂತಿದ್ದರು. ಎಂಜಿನ್ನು ಸ್ವಲ್ಪ ಆರಿದ ಮೇಲೆ ಅದನ್ನು ಚಾಲೂ ಮಾಡಿಕೊಟ್ಟರು. ಅದು ಓಡುತ್ತಿರುವಂತೆಯೇ ನಾನು ನೀರನ್ನು ಸಣ್ಣಗೆ ಸುರಿದೆ. ಸಂಜೆಗೆ ಮುಂಚೆ ಬೀದರು ಮುಟ್ಟಿದೆವು. ಮಹಾದೇವಿ ಉಳಿದಳು. ನನ್ನಿಂದ ಕ್ಷಮೆಯ ಒಂದು ಮಾತೂ ಹೊರಡಲಿಲ್ಲ. ಕ್ಷಮೆ ಕೇಳಿದರೆ ಬಾವಿಯ ಸುದ್ದಿ ನನಗೆ ಗೊತ್ತೆಂದು ಅವರಿಗೆ ಗೊತ್ತಾಗುತ್ತದೆ. ಅವರು ಯಾರಿಗೂ ಹೇಳದ್ದನ್ನು ನಾನು ಬಾಯಿಗೆ ತರುವುದು ಹೇಗೆ?

ಹೇಳಲಾಗದ್ದನ್ನು ಮಾಡಿಯಾದರೂ ತೀರಿಸೋಣವೆನಿಸಿತು. ಆ ದಾರಿಯಲ್ಲಿ ನಮ್ಮ ವ್ಯಾನು ಯಾರ ನೀರನ್ನೂ ಕೇಳದಂತಾಗಬೇಕು, ಅಷ್ಟೇ. ಹಳೆಯ ಬೀದರಿನಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವ ನಾಗಪ್ಪನಿದ್ದ. ರೇಡಿಯೇಟರೂ ತಾಮ್ರ ಹಿತ್ತಾಳೆಗಳದೇ ಅಲ್ಲವೇ ಎಂಬ ತರ್ಕದಿಂದ ಅದನ್ನು ಬಿಚ್ಚಿಸಿ ಅವನ ಅಂಗಳಕ್ಕೆ ಒಯ್ದೆವು. ನಾಗಪ್ಪ ಬೆಸುಗೆ ಕರಗಿಸಿ ಮೇಲಿನ ತೊಟ್ಟಿಯನ್ನು ತೆಗೆದು, ಒಳಗಿಣುಕಿ, ನನ್ನನ್ನೇ ಅಪರಾಧಿಯಂತೆ ನೋಡಿದ.

"ಯಾವ ಯಾವ ನೀರ ಹಾಕೀರಿ ಬಾಯಾರ?"

"ಎಲ್ಲಿ ಸಿಕ್ತದ ಅಲ್ಲೀದು."

"ಬ್ಯಾಳಿ ಬೇಯಲಾರದ ನೀರಿಗಿ ಇದ್ರಾಗ ಏನ್ ಕೆಲಸ್ರಿ? ನೋಡ್ರಿ, ಸುಣ್ಣ ಕಟ್ಟ್ಯಾದ."

ನೋಡಿದೆ. ಔರಾದ ಕಡೆಯ ಮನೆಗಳಲ್ಲಿ ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಅದೇ ಬಿಳಿಯ ಹಕ್ಕಳೆ, ಕಡ್ಡಿಯಷ್ಟು ಸಣ್ಣ ಕೊಳವೆಗಳಲ್ಲೆಲ್ಲ ತುಂಬಿ, ಅರ್ಧಕ್ಕರ್ಧ ಕೊಳವೆಗಳು ಮುಚ್ಚಿಹೋಗಿದ್ದವು. ದಾರಿಯುದ್ದಕ್ಕೂ ನಾನು ಸೊಂಟ ಮುರಿದು ಹೊತ್ತು ಹಾಕಿದ ಸವಳು ನೀರೇ ರೋಗವನ್ನು ಬೆಳೆಸಿತ್ತು. ಇಷ್ಟು ದಿನ ನಾನು ಮದ್ದೆಂದು ಕುಡಿಸಿದ್ದು ವಿಷ. ನರ್ಸಿಗೆ ಇದಕ್ಕಿಂತ ಮುಖಭಂಗವಿಲ್ಲ.

ಮೂರು ದಿನ ಕೆಲಸ ನಡೆಯಿತು. ನಾಗಪ್ಪ ಸೈಕಲ್ಲಿನ ಕಡ್ಡಿಯನ್ನು ಚಪ್ಪಟೆ ಬಡಿದು ಒಂದೊಂದೇ ಕೊಳವೆಯನ್ನು ಕೆರೆದ. ಚಾಚಾ ಬಟ್ಟೆ ಒಗೆಯುವ ಸೋಡಾ ಕಲಸಿದ ಬಿಸಿನೀರನ್ನು ಎಂಜಿನ್ನಿನ ಒಳಗೆ ತುಂಬಿಸಿ, ಕೆಳಗಿನ ತಿರುಪು ಬಿಚ್ಚಿ, ಕೆಸರಿನಂಥ ತುಕ್ಕು ಹೋಗಿ ನೀರು ತಿಳಿಯಾಗುವವರೆಗೆ ತೊಳೆದರು. ಕಾವು ನೋಡಿ ನೀರಿಗೆ ದಾರಿ ಬಿಡುವ ಒಂದು ಸಣ್ಣ ಬಾಗಿಲು ಒಳಗಿತ್ತು. ಅದು ಎಂದೋ ಮುಚ್ಚಿದ್ದು ತೆರೆಯುವುದನ್ನೇ ಮರೆತಿತ್ತು. ಅದನ್ನು ಕಿತ್ತೇಬಿಟ್ಟರು. ರೇಡಿಯೇಟರಿನ ಮುಖಕ್ಕೆ ಮೆತ್ತಿದ್ದ ಅರಳೆ, ಜೋಳದ ಹೊಟ್ಟು, ಮಿಡತೆಗಳನ್ನು ನಾನು ಕೂದಲಿಗೆ ಹಾಕುವ ಪಿನ್ನಿನಿಂದ ಹೆಕ್ಕಿ ತೆಗೆದೆ. ಹೊಸ ರಬ್ಬರು ನಳಿಗೆ ಬಂತು, ಜಾರುತ್ತಿದ್ದ ಫ್ಯಾನಿನ ಬೆಲ್ಟು ಹೋಗಿ ಬಿಗಿಯಾದುದು ಬಂತು. ಕೊನೆಗೆ ನಾಗಪ್ಪನ ಅಪ್ಪಣೆ: ಸಾಬೂನು ನೊರೆ ಬರುವ, ಬೇಳೆ ಬೇಯುವ ಚಿದ್ರಿಯ ಕೆಂಪು ಕಲ್ಲಿನ ಬಾವಿಯ ನೀರನ್ನೇ ಹಾಕಬೇಕು, ಅದನ್ನೇ ಎರಡು ಡಬ್ಬಿ ಜೊತೆಗೆ ಒಯ್ಯಬೇಕು.

ಚಿದ್ರಿಯ ನೀರು ತುಂಬಿಸುವಾಗ ಚಾಚಾ ಡಬ್ಬಿಯ ಮೇಲಿನ ಕಣ್ಣನ್ನು ಎತ್ತದೆ ಒಂದು ಮಾತು ಹೇಳಿದರು.

"ಆ ಊರ ನೀರ ಸಿಹಿ ಅದ ಅಂತ್ಹೇಳೇ ನನ್ನ ತಂಗಿಗಿ ಅಲ್ಲಿ ಕೊಟ್ಟಿದ್ವಿರಿ, ಬಾಯಿ."

ನಾನು ಬಾವಿಯ ಹತ್ತಿರ ಕೇಳಿದ್ದು ಅವರಿಗೆ ಅಂದೇ ಗೊತ್ತಾಗಿತ್ತು. ನಾನು ಡಬ್ಬಿಯ ಬಾಯಿ ಹಿಡಿದುಕೊಂಡೆ, ಅವರು ತುಂಬಿಸಿದರು. ಆ ವಿಷಯ ನಮ್ಮಿಬ್ಬರ ನಡುವೆ ಬಂದದ್ದು ಅದೊಂದೇ ಸಲ.

ಆಮೇಲೆ ವ್ಯಾನು ಓಡಿತು. ಎಷ್ಟು ಓಡಿತೆಂದರೆ ಮೆಹಕರದವರಿಗೆ ಬೇಜಾರಾಯಿತು. ಔರಾದ ರಸ್ತೆಯಲ್ಲಿ ಹುಣಸೆಮರ ಬಂದಾಗಲೆಲ್ಲ ನಾನು ಔಷಧದ ಪಟ್ಟಿ ಓದುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ. ಚಾಚಾ ಎದುರು ನೋಡುತ್ತ ದಾಟಿಸುತ್ತಿದ್ದರು. ನನ್ನ ಯಂತ್ರಶಾಸ್ತ್ರದ ಬಗ್ಗೆ ನನಗೆ ಸಣ್ಣ ಜಂಬವೂ ಬಂದಿತ್ತು.

ಮಳೆ ಹಿಡಿಯುವ ಮೊದಲು, ಒಂದು ಗುರುವಾರ ಮಧ್ಯಾಹ್ನ, ಹುಣಸೆಮರದ ಆ ಊರಿನ ಎದುರಿಗೇ ಹೆಂಗಸೊಬ್ಬಳು ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದಳು. ಅದೇ ಮುದುಕಿ. "ಮಮ್ಮಗಳಿಗಿ ವಾಂತಿ ಭೇದಿ ಹತ್ಯಾವವ್ವ, ಕಣ್ಣ ಒಳಗ ಹೋಗ್ಯಾವ. ಇನ್ನೂ ನಾಕ್ ಮಂದಿಗಿ ಹಂಗೇ ಅದ!"

ವ್ಯಾನಿಗೆ ಏನೂ ಬೇಕಿರಲಿಲ್ಲ. ಬೇಕಿದ್ದದ್ದು ಊರಿಗೆ.

"ನೀವು ಇಲ್ಲೇ ಕೂಡ್ರಿ ಚಾಚಾ," ಎಂದೆ. "ನಾ ಹೋಗಿ ನೋಡಿ ಬರ್ತೇನಿ. ಎಂಜಿನ್ ಚಾಲೂನೇ ಇರಲಿ."

ಚಾಚಾ ಕೀಲಿ ತಿರುಗಿಸಿ ಎಂಜಿನ್ನು ಬಂದ್ ಮಾಡಿದರು, ಇಳಿದರು, ಹಿಂದಿನ ಬಾಗಿಲು ತೆರೆದು ಔಷಧದ ಪೆಟ್ಟಿಗೆಯನ್ನು ಹೆಗಲಿಗೇರಿಸಿದರು.

"ಇದು ಭಾರ ಅದರಿ ಬಾಯಿ. ನಿಮಗ ಆಗಲ್ಲ."

ಮುದುಕಿ ದಾರಿ ತೋರಿಸಲು ಮುಂದಾದಳು. ಯಾವ ಓಣಿಯೆಂದು ಅವಳು ಹೇಳುವ ಮೊದಲೇ ಚಾಚಾ ಎಡಕ್ಕೆ ತಿರುಗಿದ್ದರು.