ನಿದ್ದೆ ಡಾಕ್ಟ್ರು ಕೈ ಹಿಂತೆಗೆದ ದಿನ

ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಬಹಳ ಮಂದಿಗೆ ಗೊತ್ತಿರಲಿಲ್ಲ. ನಿದ್ದೆ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಆಪರೇಷನ್ನಿಗೆ ಮುನ್ನ ಅರಿವಳಿಕೆ ಕೊಡುವುದು, ಮುಗಿಯುವವರೆಗೆ ರೋಗಿಯ ಉಸಿರು ಕಾಯುವುದು, ಆಮೇಲೆ ಎಬ್ಬಿಸುವುದು ಅವಳ ಕೆಲಸ. ಗುಣವಾಗಿ ಮನೆಗೆ ಹೊರಟವರು ಸರ್ಜನ್ನರ ಕೈ ಹಿಡಿದು ಕಣ್ಣು ತುಂಬಿಕೊಳ್ಳುತ್ತಿದ್ದರು. ಇವಳು ಎದುರಿಗೆ ಬಂದರೆ ಗುರುತೇ ಹತ್ತುತ್ತಿರಲಿಲ್ಲ. ಅವರು ಕಂಡಿದ್ದು ಮುಖಗವಸಿನ ಮೇಲಿನ ಎರಡು ಕಣ್ಣುಗಳನ್ನಷ್ಟೇ, ಅದೂ ಮಂಪರಿನಲ್ಲಿ.

"ನಾನು ಯಾರಿಗೂ ನೆನಪಿಲ್ಲ ಅಂದ್ರೆ ನನ್ನ ಕೆಲಸ ಚೆನ್ನಾಗಿ ಆಗಿದೆ ಅಂತ ಅರ್ಥ," ಎಂದು ಅವಳೇ ನಗುತ್ತಿದ್ದಳು.

ಮದುವೆ ಮುರಿದ ಮೇಲೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಮಹಡಿ ಮನೆಯೊಂದರಲ್ಲಿ ಒಬ್ಬಳೇ ಇದ್ದಳು. ಅಕ್ಕ ದೂರದ ಊರಿನಲ್ಲಿ. ಫೋನು ಮಾಡಿದರೆ "ಊಟ ಆಯ್ತಾ?" "ಆಯ್ತು" ಎನ್ನುವಲ್ಲಿಗೆ ಮಾತು ಮುಗಿಯುತ್ತಿತ್ತು.

ಒಂದು ಬೆಳಿಗ್ಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ಬಂದಳು. ಟೇಬಲ್ಲಿನ ಮೇಲೆ ಮಲಗಿಕೊಂಡೇ ಇವಳ ಗೌನಿನ ತೋಳು ಹಿಡಿದು ನೋಡಿ, "ಇದ್ಯಾವ ದರ್ಜಿ ಡಾಕ್ಟ್ರೇ, ತೋಳು ಇಷ್ಟು ಸಡಿಲ ಬಿಟ್ಟಿದಾನೆ? ನಾನು ಎದ್ಮೇಲೆ ಕೊಡಿ, ಸರಿ ಮಾಡ್ಕೊಡ್ತೀನಿ," ಎಂದಳು. ಎಲ್ಲರೂ ನಕ್ಕರು.

"ಕಣ್ಮುಚ್ಚಿ. ನೀವು ಎದ್ದಾಗ ನಾನು ಇಲ್ಲೇ ಇರ್ತೀನಿ," ಎಂದಳು ಇವಳು. ಎಲ್ಲ ರೋಗಿಗಳಿಗೂ ಹೇಳುತ್ತಿದ್ದ ಮಾತು ಅದು.

ಆ ಹೆಂಗಸು ಏಳಲಿಲ್ಲ. ನಡುವೆಯೇ ಹೃದಯ ನಿಂತಿತು. ಎದೆ ಒತ್ತಿದರು, ಮದ್ದು ಕೊಟ್ಟರು, ಮತ್ತೆ ಒತ್ತಿದರು. ಯಾರ ತಪ್ಪೂ ಇರಲಿಲ್ಲವೆಂದು ಮುಂದೆ ವಿಚಾರಣೆಯಲ್ಲಿ ತಿಳಿಯಿತು. ಆದರೆ ಅಂದು ನೆಲ ಒರೆಸಿ ಮುಗಿಸುವಷ್ಟರಲ್ಲಿ ಬಾಗಿಲಿಗೆ ಮುಂದಿನ ಸ್ಟ್ರೆಚರ್ ಬಂದು ನಿಂತಿತ್ತು. ಇವಳು ಕೈಗವಸು ಬದಲಿಸಿ ಅತ್ತ ತಿರುಗಿದಳು.

ಆಮೇಲೆ ಯಾರೂ ಆ ವಿಷಯ ಎತ್ತಲಿಲ್ಲ. ಎತ್ತಿದರೆ ಇವಳಿಗೆ ನೋವಾದೀತೆಂದು ಅವರು ಸುಮ್ಮನಿದ್ದರು. ತನ್ನನ್ನೇ ದೂರುತ್ತಿದ್ದಾರೆಂದುಕೊಂಡು ಇವಳು ಸುಮ್ಮನಾದಳು. ಮನೆಗೆ ಬಂದರೆ ಚಪ್ಪಲಿ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕೂತುಬಿಡುತ್ತಿದ್ದಳು. ಬಾಯಿಗೆ ರುಚಿ ಹತ್ತುತ್ತಿರಲಿಲ್ಲ. ಪಕ್ಕದ ಮನೆಯವರ ನಗು ಗೋಡೆಯಾಚೆಯಿಂದ ಕೇಳಿದರೆ ರೇಗುತ್ತಿತ್ತು. ರೇಗಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ಅಷ್ಟರಲ್ಲಿ ಸಿಬ್ಬಂದಿಯ ಮನಸ್ಸು ಹಗುರ ಮಾಡಲೆಂದು ಆಸ್ಪತ್ರೆಯವರು ಒಬ್ಬ ಭಾಷಣಕಾರರನ್ನು ಕರೆಸಿದರು, ಅದೂ ಸರಿಯಾಗಿ ಊಟದ ಹೊತ್ತಿಗೆ. ಅವರು ಎಲ್ಲರಿಂದ ಕೈ ಎತ್ತಿಸಿ ಹೋ ಎಂದು ನಗಿಸಿದರು. ಆಪರೇಷನ್ ಥಿಯೇಟರಿನ ಹಿರಿಯ ಸಿಸ್ಟರ್ ಇವಳ ಕಿವಿಯಲ್ಲಿ, "ಇವರ ಆನಂದ ಮುಗಿಯೋ ಹೊತ್ತಿಗೆ ನನ್ನ ಡಬ್ಬಿ ಹಳಸಿರುತ್ತೆ," ಎಂದರು. ಇವಳಿಗೆ ನಗು ಬರಲಿಲ್ಲ. ಸಿಸ್ಟರ್ ಅದನ್ನು ಗಮನಿಸಿದರು.

ಒಂದು ದಿನ ಟೇಬಲ್ಲಿನ ಮೇಲೆ ವಯಸ್ಸಾದ ಬಸ್ ಡ್ರೈವರೊಬ್ಬರು ಮಲಗಿದ್ದರು. ಸೂಜಿ ಹಿಡಿದು ಬಗ್ಗಿದ ಇವಳನ್ನು ನೋಡಿ, "ನಾನು ಏಳೋವಾಗ ನೀವೇ ಇರ್ತೀರಲ್ವಾ ತಾಯಿ?" ಎಂದು ಕೇಳಿದರು.

ಎಲ್ಲರಿಗೂ ಹೇಳುತ್ತಿದ್ದ ಆ ಮಾತನ್ನು ಇವರಿಗೆ ಹೇಳಲು ಮನಸ್ಸು ಒಪ್ಪಲಿಲ್ಲ. ಸೂಜಿಯನ್ನು ತಟ್ಟೆಯಲ್ಲಿಟ್ಟು ಹಿಂದೆ ಸರಿದಳು.

"ಇವತ್ತು ನನ್ನ ಕೈಲಾಗಲ್ಲ."

"ಏನ್ ಹೇಳ್ತಿದೀರಿ? ಪೇಷೆಂಟ್ ಟೇಬಲ್ ಮೇಲಿದಾರೆ!" ಸರ್ಜನ್ ಸಿಡುಕಿದರು.

"ಅವರು ಟೇಬಲ್ ಮೇಲಿರೋದಕ್ಕೇ ಹೇಳ್ತಿರೋದು ಸಾರ್."

ಸಿಸ್ಟರ್ ಮುಂದೆ ಬಂದು ಡ್ರೈವರಿಗೆ ಹೊದಿಕೆ ಎಳೆದು, "ಸ್ವಲ್ಪ ತಡ ಆಗುತ್ತೆ ಅಣ್ಣ, ಗಾಬರಿ ಬೇಡ," ಎಂದರು. ಬೇರೊಬ್ಬ ಅರಿವಳಿಕೆ ವೈದ್ಯರು ಬಂದು ಕೆಲಸ ಮುಗಿಸಿದರು. ಇವಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಕೆಲಸ ಹೋಯಿತೆಂದೇ ಅವಳ ಎಣಿಕೆ.

ಸೂಪರಿಂಟೆಂಡೆಂಟ್ ಮೇಡಂ ಕರೆಸಿದಾಗ ಸಿಸ್ಟರ್ ತಾವಾಗಿಯೇ ಜೊತೆಗೆ ಹೋದರು.

"ಯಾವತ್ತಿಂದ ಹೀಗಾಗ್ತಿದೆ?" ಮೇಡಂ ಕೇಳಿದರು.

"ಆ ಹೊಲಿಗೆಯವರು ಹೋದಾಗಿಂದ."

"ಮೊದ್ಲೇ ಯಾಕಮ್ಮ ಹೇಳ್ಲಿಲ್ಲ?"

ಸಿಸ್ಟರ್ ತಡೆಯಲಾರದೆ, "ನಾವ್ ಯಾರು ಕೇಳಿದ್ವಿ ಮೇಡಂ? ಆವತ್ತು ಕೂತು ಒಂದು ಲೋಟ ನೀರು ಕುಡಿಯೋಕೂ ಬಿಡ್ಲಿಲ್ಲ. ಅವರ ಹಿಂದೇನೇ ಇನ್ನೊಂದು ಕೇಸ್ ತಳ್ಳಿದ್ವಿ," ಎಂದರು.

ಮೇಡಂ, "ನನ್ನ ಪೇಷೆಂಟ್ ಹೋದಾಗ ನಾನೂ ಹೀಗೇ ಒಬ್ಬಳೇ ನುಂಗ್ಕೊಂಡಿದ್ದೆ. ಎಲ್ಲರೂ ಹಾಗೇ ನುಂಗ್ಕೋಬೇಕು ಅಂದ್ಕೊಂಡಿದ್ದು ತಪ್ಪಾಯ್ತು," ಎಂದರು.

ಇವಳಿಗೆ ರಜೆ ಸಿಕ್ಕಿತು, ಮಾತಾಡಲು ಮನೋವೈದ್ಯರೊಬ್ಬರು ಸಿಕ್ಕರು. ಥಿಯೇಟರಿನಲ್ಲಿ ಯಾರಾದರೂ ತೀರಿಕೊಂಡರೆ ಅಂದಿನ ಉಳಿದ ಕೇಸುಗಳನ್ನು ಬೇರೆ ತಂಡ ನೋಡಬೇಕೆಂಬ ನಿಯಮ ಬಂತು. ಸರ್ಜನ್ ಮೊದಮೊದಲು ಗೊಣಗಿದರು. ತಮ್ಮ ಕೈಯಲ್ಲೇ ಒಂದು ಮಗು ಹೋದ ದಿನ ಆ ನಿಯಮದಂತೆ ಹೊರಗೆ ಬಂದು, ರಜೆ ಮುಗಿಸಿ ಮರಳಿದ್ದ ಇವಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು ಅತ್ತರು. ಅವರು ಏಳುವವರೆಗೆ ಇವಳು ಅಲ್ಲೇ ಕೂತಿದ್ದಳು.

ಒಂಟಿತನ ಪೂರ್ತಿ ಹೋಯಿತೆಂದು ಹೇಳಲಾರೆ. ಮನೆಯ ಬೀಗ ಈಗಲೂ ಅವಳೇ ತೆಗೆಯಬೇಕು, ದೀಪ ಅವಳೇ ಹಾಕಬೇಕು. ಕೆಲವು ಸಂಜೆ ಕುರ್ಚಿಯಿಂದ ಏಳುವುದೇ ಬೇಡವೆನಿಸುತ್ತದೆ. ಅಂಥ ಸಂಜೆ ಸಿಸ್ಟರಿಗೆ ಫೋನು ಮಾಡಿ, "ಇವತ್ತು ಚೆನ್ನಾಗಿಲ್ಲ ಸಿಸ್ಟರ್," ಎನ್ನುತ್ತಾಳೆ.

"ಬರ್ಲಾ?" ಎನ್ನುತ್ತಾರೆ ಅವರು.

ಎಷ್ಟೋ ಸಲ ಬೇಡ ಎಂದೇ ಹೇಳುತ್ತಾಳೆ. ಒಮ್ಮೊಮ್ಮೆ ಬನ್ನಿ ಎನ್ನುತ್ತಾಳೆ.